ಲಕ್ಷ್ಮಿದೇವಮ್ಮ ಎತ್ತಿದ ಕೈ

ಲಕ್ಷ್ಮಿದೇವಮ್ಮ ಕೈ ಎತ್ತಿ ನಿಂತದ್ದು ದೀಪಾವಳಿಗೆ ಮುಂಚೆ. ಈಗ ಸಂಕ್ರಾಂತಿಯೂ ಕಳೆದಿತ್ತು. ಇಷ್ಟು ಕಾಲ ಒಂದೇ ಭಂಗಿಯಲ್ಲಿ ನಿಂತರೆ ಯಾರಿಗಾದರೂ ಭುಜ ಹಿಡಿದುಕೊಳ್ಳುತ್ತದೆ ಎಂದು ಭಾನುವಾರ ಬೆಳಿಗ್ಗೆ ಹಲ್ಲುಜ್ಜುತ್ತಾ ಶ್ಯಾಮಲಾಗೆ ಅನ್ನಿಸಿತು. ತನ್ನದೇ ಬಲಭುಜ ನೋಯುತ್ತಿರುವಂತೆ ತೋರಿ ಬ್ರಷ್ಷನ್ನು ಎಡಗೈಗೆ ಬದಲಾಯಿಸಿದಳು. ಲಕ್ಷ್ಮಿದೇವಮ್ಮನ ಎದುರಿಗೆ ಗ್ರಾನೈಟ್ ಕೊರೆಯುವ ಯಾರ್ಡಿನ ಮೇಸ್ತ್ರಿ ನಿಂತಿದ್ದ. ಅವನೂ ಪಾಪ, ಅಷ್ಟೇ ಕಾಲದಿಂದ ಕೆನ್ನೆ ಒಡ್ಡಿಕೊಂಡಿದ್ದ. ಶ್ಯಾಮಲಾ ಬರೆಯುತ್ತಿದ್ದ ಕಾದಂಬರಿಯ ಆರು ಅಧ್ಯಾಯಗಳು ಬೆಂಗಳೂರಿನ ಒಂದು ವೆಬ್ ಪತ್ರಿಕೆಯಲ್ಲಿ ಬಂದಿದ್ದವು, ಆರನೆಯದು ಈ ಎತ್ತಿದ ಕೈಯಲ್ಲೇ ಮುಗಿದಿತ್ತು. ಏಳನೆಯದು ಆ ಕೆನ್ನೆಗೂ ಈ ಕೈಗೂ ನಡುವಿನ ಗಾಳಿಯಲ್ಲಿ ನಿಂತುಹೋಗಿತ್ತು. ಪತ್ರಿಕೆಯ ಸಂಪಾದಕ ಮೋಹನ್ ಫೋನಿಗೆ ಧ್ವನಿಸಂದೇಶ ಕಳಿಸಿದ್ದರು. "ಮೇಡಂ, ನಿಮ್ಮ ನಾಯಕಿ ಏಟು ತಿನ್ನೋದನ್ನ ಅದ್ಭುತವಾಗಿ ಬರೆದಿದ್ದೀರಿ. ಹೊಡೆಯೋದು ಮಾತ್ರ ಬರ್ತಾ ಇಲ್ಲ. ಹೊಡೆಯುವಾಗ ಅವಳ ಒಳಗೆ ಏನಾಗುತ್ತೆ? ನಂಗದು ಬೇಕು." ಶ್ಯಾಮಲಾ ಅದನ್ನು ಕಂಪನಿ ಬಸ್ಸಿನಲ್ಲಿ ಕೂತು ಕೇಳಿ, "ಕ್ಷಮಿಸಿ ಸರ್, ಪ್ರಯತ್ನಿಸುತ್ತೇನೆ" ಎಂದು ಬರೆದಿದ್ದಳು. ಹೊಡೆಯುವಾಗ ಒಳಗೆ ಏನಾಗುತ್ತದೆ ಎಂಬುದು ಅವಳಿಗೆ ಹೇಗೆ ಗೊತ್ತಿರಬೇಕು? ಇಪ್ಪತ್ತೆಂಟು ವರ್ಷದಲ್ಲಿ ಅವಳು ಯಾರಿಗೂ ಹೊಡೆದಿರಲಿಲ್ಲ.

ಮೊದಲು ನಾಯಕಿಯ ಹೆಸರು ತೀಕ್ಷ್ಣಾ ಎಂದಿತ್ತು. ತೀಕ್ಷ್ಣಾಳಿಗೆ ಎಲ್ಲವೂ ಸುಲಭವಾಗಿತ್ತು. ಕಪ್ಪು ಪ್ಯಾಂಟು ಹಾಕುತ್ತಿದ್ದಳು, ಗೋಡೆ ಕಂಡಲ್ಲಿ ಹಾರುತ್ತಿದ್ದಳು, ಎಲ್ಲಿ ನಿಂತರೂ ಅವಳ ಕೂದಲಿಗೆ ಮಾತ್ರ ಗಾಳಿ ಬೀಸುತ್ತಿತ್ತು. ಮೋಹನ್ ಕೇಳಿದ್ದರು: "ಹೊಸೂರಿನ ಕಡೆ ತೀಕ್ಷ್ಣಾ ಅಂತ ಯಾರಾದರೂ ಇದ್ದಾರಾ ಮೇಡಂ?" ನಾಚಿಕೆಯಾಗಿ, ವಾಸ್ತವತೆ ಬೇಕೇ ಬೇಕೆಂದು ಹಟ ಹಿಡಿದು, ಹೆಸರನ್ನು ಲಕ್ಷ್ಮಿದೇವಮ್ಮ ಎಂದು ಬದಲಿಸಿದಳು. ಕಂಪ್ಯೂಟರಿನಲ್ಲಿ ಒಂದೇ ಏಟಿಗೆ ಎಲ್ಲ ತೀಕ್ಷ್ಣಾಗಳೂ ಲಕ್ಷ್ಮಿದೇವಮ್ಮಂದಿರಾದರು. ಆದರೆ ಆ ಕ್ಷಣದಿಂದ ನಾಯಕಿ ಮಾತು ಕೇಳುವುದನ್ನೇ ಬಿಟ್ಟಳು. ಗೋಡೆಯ ಮುಂದೆ ತಂದು ನಿಲ್ಲಿಸಿದರೆ ಗೇಟು ಎಲ್ಲಿದೆ ಎಂದು ನೋಡುತ್ತಾಳೆ. ಓಡು ಎಂದರೆ ಚಪ್ಪಲಿಯ ಉಂಗುಷ್ಠ ಗಟ್ಟಿಯಿದೆಯೇ ಎಂದು ಬಗ್ಗುತ್ತಾಳೆ. ನಾಲ್ಕು ಜನ ಗೂಂಡಾಗಳು ಸುತ್ತುವರಿದಾಗ ಅವರಲ್ಲಿ ಒಬ್ಬನ ಮುಖ ಎಲ್ಲೋ ನೋಡಿದ ಹಾಗಿದೆಯಲ್ಲ, ಇವನು ಗೋಪಾಲಪ್ಪನ ಮಗನೇ ಇರಬೇಕು ಎಂದು ಯೋಚಿಸುತ್ತಾಳೆ. ಆ ಯೋಚನೆಯಲ್ಲಿರುವಾಗಲೇ ಮೊದಲ ಏಟು ಬೀಳುತ್ತದೆ. ಶ್ಯಾಮಲಾಗೆ ಒಳಗೊಳಗೇ ಖುಷಿಯಾಗಿತ್ತು, ಇದೇ ಮನಸ್ಸಿನ ಸಂಕೀರ್ಣತೆ ಎಂದು. ಆದರೆ ಆರು ಅಧ್ಯಾಯ ಪೂರ್ತಿ ಸಂಕೀರ್ಣವಾಗಿ ಏಟು ತಿಂದವಳನ್ನು ಯಾರು ತಾನೇ ಸಾಹಸಿ ಎನ್ನುತ್ತಾರೆ?

ಹೊಡೆಯುವುದನ್ನು ಕಲಿಯಲು ಶ್ಯಾಮಲಾ ಪ್ರಯತ್ನಪಡದೆ ಇರಲಿಲ್ಲ. ಬಾಗಿಲು ಹಾಕಿಕೊಂಡು ದಿಂಬಿಗೆ ಹೊಡೆದಳು. ದಿಂಬು ಎಲ್ಲಕ್ಕೂ ಒಪ್ಪಿಕೊಂಡುಬಿಡುತ್ತಿತ್ತು. ಕನ್ನಡಿಯ ಮುಂದೆ ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳಲು ನೋಡಿದಳು. ಕೈಗೆ ಕೆನ್ನೆ ಯಾರದೆಂದು ಗೊತ್ತಾಗಿ ಕೊನೆಯಲ್ಲಿ ಮೆಲ್ಲಗಾಗುತ್ತಿತ್ತು. ಹಿತ್ತಿಲಲ್ಲಿ ಹಸುವಿನ ಬೆನ್ನಿಗೆ ಬಾರಿಸಿದಳು. ಅದು ಸುಖವಾಗಿ ಕಣ್ಣು ಮುಚ್ಚಿ ಇನ್ನೊಂದು ಬದಿ ತೋರಿಸಿತು. ಹೊಸೂರಿನ ಸಿಪ್ಕಾಟ್ ಕೈಗಾರಿಕಾ ಪ್ರದೇಶದ ಕಂಪನಿಯಲ್ಲಿ ಅವಳ ಕೆಲಸ ನೋಟಿಸು ಬರೆಯುವುದು. ದಯವಿಟ್ಟು ಹೆಲ್ಮೆಟ್ ಧರಿಸಿ, ದಯವಿಟ್ಟು ಸಾಲಿನಲ್ಲಿ ನಿಲ್ಲಿ, ಎಂದು ತಮಿಳಿನಲ್ಲೂ ಇಂಗ್ಲಿಷಿನಲ್ಲೂ. ಕ್ಯಾಂಟೀನಿನಲ್ಲಿ ತಾನೇ ಬರೆದ ಆ ನೋಟಿಸಿನ ಕೆಳಗೆ ಒಬ್ಬ ಸೂಪರ್‌ವೈಸರ್ ಅವಳನ್ನು ಮೊಣಕೈಯಿಂದ ಸರಿಸಿ ಮುಂದೆ ಹೋದಾಗ ಕೈ ತುರಿಸಿತ್ತು. ಇವತ್ತು ಹೊಡೆದೇಬಿಡುತ್ತೇನೆ, ಅಧ್ಯಾಯ ಮುಗಿಯುತ್ತದೆ ಎಂದುಕೊಂಡಿದ್ದಳು. ಅವನು ತಿರುಗಿ "ಏನಮ್ಮಾ?" ಎಂದ. "ಸಾಂಬಾರ್ ಬಿಸಿ ಇದೆ ಸಾರ್, ಹುಷಾರು" ಎಂದುಬಿಟ್ಟಳು. ಇವಳಂಥವಳು ಒಂದು ಹೆಂಗಸಿನ ಕೈಯಲ್ಲಿ ನಾಲ್ವರನ್ನು ಉರುಳಿಸಲು ಹೊರಟಿದ್ದಾಳೆ ಎಂದು ಲಕ್ಷ್ಮಿದೇವಮ್ಮ ಆವತ್ತು ಮೇಸ್ತ್ರಿಯ ಮುಖ ನೋಡಿ ನಕ್ಕಿರಬೇಕು.

ಒಳಗೆ ಏನಾಗುತ್ತದೆ ಎಂದು ಮೋಹನ್ ಕೇಳುವ ಮೊದಲೇ ಅವಳು ಆರನೆಯ ಅಧ್ಯಾಯದಲ್ಲಿ ಅಂಥದೊಂದು ವಾಕ್ಯ ಸೇರಿಸಿದ್ದಳು. ಒಂದೇ ವಾಕ್ಯ. ಬರೆದ ಮೇಲೆ ಎದ್ದು ಹೋಗಿ ನೀರು ಕುಡಿದು ಬಂದಿದ್ದಳು. ಅದು ಲಕ್ಷ್ಮಿದೇವಮ್ಮನದಲ್ಲ, ತನ್ನದು ಎಂದು ಗೊತ್ತಿತ್ತು. ಆದರೂ ಇರಲಿ ಎಂದು ಬಿಟ್ಟಳು, ತಮ್ಮೂರು ತೊರಪಲ್ಲಿ ಅಗ್ರಹಾರದಲ್ಲಿ ಕನ್ನಡದ ವೆಬ್ ಪತ್ರಿಕೆ ಯಾರು ಓದುತ್ತಾರೆ ಎಂಬ ಧೈರ್ಯದ ಮೇಲೆ.

"ಶ್ಯಾಮೀ, ಹಲ್ಲು ಸವೆದೋಗ್ತದೆ, ಬಾರೇ. ಅತ್ತೆ ಬಂದ್ರು," ಎಂದು ಅವಳ ಅಮ್ಮ ಅಂಜಿನಮ್ಮ ನಡುಮನೆಯಿಂದ ಕೂಗಿದಳು.

ಅತ್ತೆ ಎಂದರೆ ಅಪ್ಪನ ಅಕ್ಕ ಮಂಗಮ್ಮ, ಮತ್ತಿಗಿರಿಯಿಂದ. ಪ್ರತಿ ವರ್ಷ ಅವರೆಕಾಯಿ ಕಾಲದಲ್ಲಿ ಒಂದು ಭಾನುವಾರ ಬಂದು, ನೆನೆಸಿದ ಕಾಳನ್ನು ಎಲ್ಲರ ಜೊತೆ ಕೂತು ಹಿದುಕಿ, ಉಂಡು, ತನ್ನ ಪಾಲು ಕಟ್ಟಿಸಿಕೊಂಡು ಹೋಗುವುದು ರೂಢಿ. ಅವಳ ಬೆನ್ನ ಹಿಂದೆ ಮಗ ಅಂಬರೀಶ್ ಬೈಕು ನಿಲ್ಲಿಸುತ್ತಿದ್ದ. ಶ್ಯಾಮಲಾ ಹುಟ್ಟಿದಾಗ ಮಂಗಮ್ಮ ತೊಟ್ಟಿಲ ಪಕ್ಕ ನಿಂತು "ಇದು ನನ್ನ ಸೊಸೆ" ಎಂದಿದ್ದಳಂತೆ. ಆ ಮಾತನ್ನು ಯಾರೂ ಹಿಂದಕ್ಕೆ ತೆಗೆದುಕೊಂಡಿರಲಿಲ್ಲ, ಮುಂದಕ್ಕೂ ತಳ್ಳಿರಲಿಲ್ಲ. ಅದು ಅಟ್ಟದ ಮೇಲಿನ ಹಿತ್ತಾಳೆ ಹಂಡೆಯ ಹಾಗೆ ಮನೆಯಲ್ಲಿ ಇತ್ತು. ಅತ್ತೆ ಮಗ, ವರಸೆಯ ಗಂಡು. ಅವನು ಕೀಟಲೆ ಮಾಡಬೇಕು, ಇವಳು ತಿರುಗಿ ಮಾಡಬೇಕು, ನೀರೆರಚಬೇಕು, ಬೆನ್ನಿಗೆ ಗುದ್ದಬೇಕು, "ಬಾವ" ಎಂದು ಕರೆಯಬೇಕು. ಶ್ಯಾಮಲಾ ಇದ್ಯಾವುದನ್ನೂ ಮಾಡಿರಲಿಲ್ಲ. ಬಾವ ಎಂದು ಒಮ್ಮೆಯೂ ಕರೆಯದೆ ಬೆಳೆದಿದ್ದಳು. ಅದಕ್ಕಾಗಿ ಕರೆಯುವ ಪದವೇ ಬೇಡದ ಒಂದು ಭಾಷೆಯನ್ನು ಕಂಡುಹಿಡಿದುಕೊಂಡಿದ್ದಳು. "ಕಾಫಿ ಇಟ್ಟಿದೆ." "ಊಟ ಆಗಿದೆ." "ಬೈಕಿನ ಕೀ ಬಿದ್ದಿದೆ." ಅವಳ ನೋಟಿಸುಗಳ ಹಾಗೆ, ಯಾರಿಗೆಂದು ಇಲ್ಲದೆ. ಈ ಮೌನವೇ 'ಬೇಡ' ಎಂಬ ಉತ್ತರ, ಅದು ಎಲ್ಲರಿಗೂ ತಲುಪಿದೆ ಎಂದು ಅವಳು ನಂಬಿದ್ದಳು. ಮನೆಯವರು ಅದಕ್ಕೆ ನಾಚಿಕೆ ಎಂದು ಹೆಸರಿಟ್ಟಿದ್ದರು.

ನಡುಮನೆಯಲ್ಲಿ ಹಳೆಯ ಪಂಚೆ ಹಾಸಿ, ದೊಡ್ಡ ಬೋಸಿಯಲ್ಲಿ ನೆನೆದ ಕಾಳು ಇಟ್ಟು, ಐವರೂ ಸುತ್ತ ಕೂತರು. ಕಾಳನ್ನು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಹಿಡಿದು ಒತ್ತಿದರೆ ಬೇಳೆ ಚಿಮ್ಮಿ ಪಾತ್ರೆಗೆ ಬೀಳಬೇಕು, ಸಿಪ್ಪೆ ಕೈಯಲ್ಲಿ ಉಳಿಯಬೇಕು. ಅಂಬರೀಶ್ ಒತ್ತಿದ ಮೂರರಲ್ಲಿ ಒಂದು ಪಾತ್ರೆಗೆ ಬೀಳುತ್ತಿತ್ತು, ಎರಡು ಶ್ಯಾಮಲಾಳ ಕಡೆ ಹಾರುತ್ತಿದ್ದವು. ಒಂದು ಅವಳ ಕನ್ನಡಕಕ್ಕೆ ಬಡಿಯಿತು. ಅವಳು ತೆಗೆದು ಪಾತ್ರೆಗೆ ಹಾಕಿ ಮುಂದಿನ ಕಾಳು ಹಿಡಿದಳು.

"ಏನೇ ಶ್ಯಾಮಿ," ಎಂದ ಅಂಬರೀಶ್. "ನಿನ್ ಲಕ್ಷ್ಮಿದೇವಮ್ಮ ಇನ್ನೂ ಕೈ ಎತ್ಕೊಂಡೇ ನಿಂತವ್ಳಾ?"

ಶ್ಯಾಮಲಾಳ ಬೆರಳಲ್ಲಿದ್ದ ಕಾಳು ಸಿಪ್ಪೆಸಮೇತ ಜಾರಿತು.

"ಅದ್ಯಾವ ಲಕ್ಷ್ಮಿದೇವಮ್ಮ?" ಎಂದಳು ಮಂಗಮ್ಮ.

"ಇವ್ಳು ಕಥೆ ಬರೀತಾವ್ಳಲ್ಲಮ್ಮ, ಅದ್ರಾಗೆ. ಭಾರೀ ಫೈಟು. ಒಬ್ಳೇ ಹೆಣ್ಣು, ನಾಕ್ ಜನ ಗಂಡುಸ್ರು."

"ಹೆಣ್ಣು ಫೈಟ್ ಮಾಡ್ತದಾ? ಮದ್ವೆ ಆಗೈತಾ ಅದ್ಕೆ?"

"ಇಲ್ಲ."

"ಅದ್ಕೇ ಮತ್ತೆ," ಎಂದು ಮಂಗಮ್ಮ ಕಾಳು ಹಿದುಕಿದಳು.

"ನಿಂಗೆ ಕನ್ನಡ ಓದಾಕೆ ಬರಲ್ವಲ್ಲಪ್ಪ," ಎಂದಳು ಅಂಜಿನಮ್ಮ. ಅಂಬರೀಶ್ ತಮಿಳಿನಲ್ಲಿ ಓದಿದವನು. ಮನೆಯಲ್ಲಿ ಆಡುವ ಭಾಷೆಯ ಅಕ್ಷರ ಅವನಿಗೆ ಬೋರ್ಡಿನ ಮೇಲಿನ ಚಿತ್ರ.

"ನಾನ್ಯಾಕೆ ಓದ್ಲಿ ಅತ್ತೆ? ಫೋನೇ ಓದ್ತದೆ. ಒತ್ತಿದ್ರೆ ಸಾಕು, ಒಂದು ಹೆಣ್ಣು ವಾಯ್ಸು. ಅಳು ಇಲ್ಲ, ನಗು ಇಲ್ಲ, ರಿಜಿಸ್ಟ್ರಾರ್ ಆಫೀಸಲ್ಲಿ ಪತ್ರ ಓದ್ದಂಗೆ ಓದ್ಕೊಂಡು ಹೋಗ್ತದೆ. ಶಿಫ್ಟ್ ಬಸ್ಸಲ್ಲಿ ಕೇಳ್ತಾ ಕೇಳ್ತಾ ಆರೂ ಮುಗಿಸ್ಬುಟ್ಟೆ." ಅವನು ಶ್ಯಾಮಲಾಳ ಅಪ್ಪ ಕದಿರಪ್ಪನ ಕಡೆ ತಿರುಗಿದ. "ಒಂದೇ ಕೊರತೆ ಮಾವ. ಆ ಹೆಣ್ಗೆ ಒಬ್ಬ ಬಾವ ಇಲ್ಲ. ಬಾವ ಇದ್ದಿದ್ರೆ ಆ ಮೇಸ್ತ್ರಿ ಹತ್ರ ಅವ್ನೇ ಹೋಗ್ತಿದ್ದ. ಇವ್ಳು ಮನೇಲಿ ಅವರೆಕಾಳು ಹಿದುಕ್ತಿದ್ಲು."

ಕದಿರಪ್ಪ ಕೈಯಲ್ಲಿದ್ದ ಕಾಳು ಹಿದುಕಿದರು. "ಆಗ ಕಥೆ ಎಲ್ಲೈತ್ಲಾ?"

"ಸೆಕೆಂಡ್ ಪಾರ್ಟ್‌ನಾಗೆ ಮಾವ."

ಎಲ್ಲರೂ ನಕ್ಕರು. ಶ್ಯಾಮಲಾಳಿಗೆ ಕಿವಿಯ ತುದಿ ಬಿಸಿಯಾಯಿತು. ಅವಮಾನ ಎನ್ನುವುದು ಹೀಗೆ ಕಿವಿಯಿಂದ ಶುರುವಾಗುತ್ತದೆ, ಇದನ್ನು ನೆನಪಿಟ್ಟುಕೊಳ್ಳಬೇಕು ಎಂದು ಒಂದು ಮನಸ್ಸು ಹೇಳುತ್ತಿತ್ತು. ಇನ್ನೊಂದು ಮನಸ್ಸು ಆರೂ ಅಧ್ಯಾಯ, ಆರೂ ಅಧ್ಯಾಯ ಎಂದು ಲೆಕ್ಕ ಹಾಕುತ್ತಿತ್ತು. ಆರರಲ್ಲಿ ಆ ವಾಕ್ಯವೂ ಇದೆ. ಅವನು ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಜೇಬಿನಿಂದ ಫೋನು ತೆಗೆಯುವುದನ್ನು ಅವಳು ನೋಡಿದಳು. ಬೇಡ ಎನ್ನಬೇಕಿತ್ತು. ಬೇಡ ಎನ್ನಲು ಮೊದಲು ಅವನನ್ನು ಏನಾದರೂ ಎಂದು ಕರೆಯಬೇಕಲ್ಲ. "ಫೋನಿಗೆ ನೀರು ತಾಗುತ್ತದೆ," ಎಂದಳು ಗೋಡೆಗೆ ಹೇಳುವ ಹಾಗೆ.

"ಒಂದು ಜಾಗ ಕೇಳಿ, ಒಂದೇ," ಎಂದು ಅಂಬರೀಶ್ ಫೋನನ್ನು ಸಿಪ್ಪೆಯ ರಾಶಿಯ ಪಕ್ಕ ನಿಲ್ಲಿಸಿದ.

ಫೋನಿನೊಳಗಿನ ಹೆಂಗಸು ಉಸಿರು ತೆಗೆದುಕೊಳ್ಳದೆ ಓದಿದಳು: "ನಾಲ್ವರೂ ಹೋದ ಮೇಲೆ ಲಕ್ಷ್ಮಿದೇವಮ್ಮ ನಲ್ಲಿಯ ಬಳಿ ಕೂತು ಮುಖ ತೊಳೆದುಕೊಂಡಳು. ಏಟು ಬಿದ್ದ ಜಾಗವನ್ನು ಬೆರಳಿನಿಂದ ಮುಟ್ಟಿ ನೋಡಿಕೊಂಡಾಗ ಅವಳಿಗೆ ಹೊಳೆಯಿತು ಈ ವರ್ಷ ತನ್ನ ಮೈಯನ್ನು ಇನ್ನೊಬ್ಬರ ಕೈ ತಾಕಿದ್ದು ಇದೇ ಮೊದಲು."

ಹಿದುಕುತ್ತಿದ್ದ ಕೈಗಳು ನಿಂತವು. ಅಪ್ಪ ಬೋಸಿಯ ಅಂಚನ್ನು ನೋಡುತ್ತಿದ್ದರು. ಅಮ್ಮ ತುಟಿ ಒಳಕ್ಕೆ ಎಳೆದುಕೊಂಡು ಮಗಳ ಮುಖವನ್ನೇ ನೋಡಿದಳು, ಜ್ವರ ಇದೆಯೇನೋ ಎಂದು ನೋಡುವ ಹಾಗೆ. ಫೋನು ಅಲ್ಪವಿರಾಮ ಗೊತ್ತಿಲ್ಲದ ಅದೇ ದನಿಯಲ್ಲಿ ಮುಂದಿನ ಪ್ಯಾರಾಕ್ಕೆ ಹೋಗಿತ್ತು. ಆಮೇಲೆ ಎಷ್ಟು ಯೋಚಿಸಿದರೂ ಶ್ಯಾಮಲಾಗೆ ತಾನು ಎದ್ದದ್ದು ಯಾವಾಗ ಎಂದು ನೆನಪಾಗಲಿಲ್ಲ. ಪಂಚೆಯ ಮೇಲೆ ಮಂಡಿಯೂರಿ, ಬೋಸಿಯ ಮೇಲಿಂದ ಬಾಗಿ, ಅಂಬರೀಶನ ಎಡಗೆನ್ನೆಗೆ ಬಾರಿಸಿದ್ದಳು.

ಸದ್ದು ಅವಳು ಅಂದುಕೊಂಡದ್ದಕ್ಕಿಂತ ಚಿಕ್ಕದಾಗಿತ್ತು. ಅಂಗೈ ಉರಿಯಿತು, ಬರೀ ಅಂಗೈಯಲ್ಲ, ಮಣಿಕಟ್ಟು ಕೂಡ, ಅಲ್ಲಿಂದ ಮೊಣಕೈಯವರೆಗೆ ಜುಂ ಎಂದು ಏರಿತು. ಅವನ ಬೋಳಿಸದ ಗಡ್ಡ, ಕೊಯ್ದ ರಾಗಿ ಹೊಲದ ಕೂಳೆಯ ಮೇಲೆ ಬರಿಗಾಲಿಟ್ಟ ಹಾಗೆ ಕೈಗೆ ಚುಚ್ಚಿತ್ತು. ಕೆನ್ನೆ ಬೆಚ್ಚಗಿತ್ತು. ಇಷ್ಟು ಬೆಚ್ಚಗೆ ಇರುತ್ತದೆ ಎಂದು ಯಾರೂ ಹೇಳಿರಲಿಲ್ಲ. ಸಿಕ್ಕಿತು, ಏಳನೆಯ ಅಧ್ಯಾಯ ಸಿಕ್ಕಿತು ಎಂದು ಒಳಗೆ ಯಾರೋ ಕುಣಿದರು. ಕುಣಿಯುತ್ತಿರುವುದು ಗೊತ್ತಾಗಿ ಅವಳು ಕೈ ಹಿಂದಕ್ಕೆ ಎಳೆದುಕೊಂಡಳು. ಎದುರಿಗೆ ಒಬ್ಬ ಮನುಷ್ಯ ಬಾಯಿ ತೆರೆದು ಕೂತಿದ್ದಾನೆ, ಅವನ ಕೆನ್ನೆಯ ಮೇಲೆ ಅವಳ ಕೈಯಿಂದ ಹೋದ ಒಂದು ಅವರೆ ಸಿಪ್ಪೆ ಅಂಟಿಕೊಂಡಿದೆ, ಮತ್ತು ತಾನು ವಾಕ್ಯ ಹೊಂದಿಸುತ್ತಿದ್ದೇನೆ. ಹೊಡೆದದ್ದು ಸಿಟ್ಟಿಗೋ, ಮೋಹನ್ ಕೇಳಿದ ಅಧ್ಯಾಯಕ್ಕೋ?

ಮೊದಲು ಉಸಿರು ಬಿಟ್ಟವಳು ಮಂಗಮ್ಮ.

"ಅಯ್ಯೋ ದೇವುಡಾ! ಅಂಜಿನಮ್ಮಾ, ನೋಡ್ದೇನೇ? ಕೈ ಹಾಕ್ಬುಟ್ಳು ಕಣೇ ನನ್ ಮಗನ್ ಮೇಲೆ!" ಅವಳ ಮುಖದ ತುಂಬ ಬೆಳಕು. "ಯಾರೂ ಮುಟ್ಲಿಲ್ಲ ಅಂತ ಬರ್ದವ್ಳೆ, ಆಮೇಕೆ ತಾನೇ ಮುಟ್ಬುಟ್ಳು! ಬಾಯಿಬಿಟ್ಟು ಹೇಳಾಕೆ ನಾಚ್ಕೆ ಹುಡ್ಗೀಗೆ. ಕಥೆ ಬರ್ದು ಹೇಳವ್ಳೆ!"

"ಇಷ್ಟು ವರ್ಷ ಒಂದ್ ಮಾತಿಲ್ಲ ಕತೆಯಿಲ್ಲ, ಹೆಂಗಪ್ಪಾ ಅಂತಿದ್ದೆ ಅತ್ತಿಗೆ," ಎಂದು ಅಂಜಿನಮ್ಮ ಕಣ್ಣೊರೆಸಿಕೊಂಡು ಸಕ್ಕರೆ ಡಬ್ಬಿಗೆ ಎದ್ದಳು. ಕದಿರಪ್ಪ ಒಳಗೆ ಹೋಗಿ ಷರ್ಟು ಹಾಕಿಕೊಂಡು ಬಂದರು. ಮನೆಯಲ್ಲಿ ಅವರು ಷರ್ಟು ಹಾಕುವುದು ಬ್ಯಾಂಕಿನವರು ಬಂದಾಗ ಮತ್ತು ಸಾವಿನ ಸುದ್ದಿ ಬಂದಾಗ ಮಾತ್ರ. ಬಂದವರು ಗೋಡೆಯ ಮೇಲಿದ್ದ, ದಿನಕ್ಕೊಂದು ಹಾಳೆ ಹರಿಯುವ ತಮಿಳು ಕ್ಯಾಲೆಂಡರನ್ನು ಮೊಳೆಯಿಂದ ಇಳಿಸಿ, ಮಾಘ ಮಾಸದ ಹಾಳೆಗಳನ್ನು ಮಗುಚತೊಡಗಿದರು.

"ಅಲ್ಲ," ಎಂದಳು ಶ್ಯಾಮಲಾ. "ನಾನು ನಿಜವಾಗ್ಲೂ ಹೊಡ್ದೆ. ಸಿಟ್ಟಲ್ಲಿ ಹೊಡ್ದೆ."

"ಸಿಟ್ಟಿಲ್ದೆ ಯಾರಾನಾ ಹೊಡೀತಾರಾ?" ಎಂದಳು ಮಂಗಮ್ಮ. "ನಿಮ್ ಮಾವನ್ಗೆ ನಾನು ಮದ್ವೆಗ್ ಮುಂಚೆ ಕಬ್ಬಲ್ಲೇ ಬಾರ್ಸಿದ್ದೆ. ನಾಕ್ ಮಕ್ಕಳಾದ್ವು."

"ಜೋರಾಗಿ ಹೊಡ್ದಿದೀನಿ ಅತ್ತೆ! ನೋಡಿ, ಕೆಂಪಾಗಿದೆ!"

"ಹೂಂ, ಬೆಳ್ಳಗವ್ನೆ, ಬೇಗ ಕೆಂಪಾಯ್ತದೆ."

ಇನ್ನೊಂದು ಸಲ ಹೊಡೆದರೆ? ಲಗ್ನ ಇನ್ನೂ ಬೇಗ ಆಗುತ್ತದೆ ಅಷ್ಟೇ. ಲಕ್ಷ್ಮಿದೇವಮ್ಮ ನಾಲ್ಕು ಜನರ ಮಧ್ಯೆ ಸಿಕ್ಕಿಕೊಂಡಾಗ ಹೀಗೇ ಅನ್ನಿಸಿರಬೇಕು: ಯಾವ ಕಡೆ ತಿರುಗಿದರೂ ನಗುಮುಖ. ಅಂಬರೀಶ್ ಒಬ್ಬ ಮಾತ್ರ ನಗುತ್ತಿರಲಿಲ್ಲ. ಸಿಪ್ಪೆ ಅಂಟಿಕೊಂಡ ಕೆನ್ನೆಯಲ್ಲಿ, ಪೆಟ್ಟು ತಿಂದ ಮಗುವಿನ ಹಾಗೆ, ತನಗೆ ಸಿಕ್ಕಿದ್ದು ಏನು ಎಂದು ಅರ್ಥವಾಗದೆ ಅವಳನ್ನೇ ನೋಡುತ್ತಿದ್ದ. ಪಾಪ ಅನ್ನಿಸಿತು. ಪಾಪ ಅನ್ನಿಸಿದ್ದೇ ಬಾಯಿ ತಾನಾಗಿ ತೆರೆದುಕೊಂಡಿತು.

"ತಪ್ಪಾಯ್ತು ಅಣ್ಣ," ಎಂದಳು.

ಬಸ್ಸಿನಲ್ಲಿ ಕಾಲು ತುಳಿದವನಿಗೂ ಅವಳೇ ಹೇಳುವ ಮಾತು ಅದು. ಕಂಡಕ್ಟರಿಗೆ, ಆಟೋದವನಿಗೆ, ಗೇಟಿನ ಸೆಕ್ಯೂರಿಟಿಗೆ, ತಪ್ಪು ಯಾರದೇ ಇರಲಿ, ಹತ್ತು ವರ್ಷದಿಂದ ದಿನಾ ಬಾಯಲ್ಲಿ ಉರುಳಿ ನುಣುಪಾದ ಮಾತು. ನಡುಮನೆಯಲ್ಲಿ ಅದು ಬೋಸಿ ಮಗುಚಿದ ಹಾಗೆ ಬಿತ್ತು. ಮಂಗಮ್ಮನ ನಗು ಅರ್ಧಕ್ಕೆ ನಿಂತಿತು. ಕದಿರಪ್ಪನವರ ಹೆಬ್ಬೆರಳು ಯಾವುದೋ ಒಂದು ಶುಕ್ರವಾರದ ಮೇಲೆ ಉಳಿಯಿತು. ಬಾವ ಆಗಬೇಕಾದವನನ್ನು ಅಣ್ಣ ಎಂದರೆ ಅಲ್ಲಿಗೆ ತೊಟ್ಟಿಲೂ ಇಲ್ಲ, ಮಾತೂ ಇಲ್ಲ.

ಅಂಬರೀಶ್ ನಿಧಾನವಾಗಿ ಕೈ ಎತ್ತಿ ಕೆನ್ನೆ ಮುಟ್ಟಿಕೊಂಡ. ಏಟು ಬಿದ್ದಾಗ ಮುಟ್ಟಿಕೊಂಡಿರಲಿಲ್ಲ.

"ಬಾಯಿ ತಪ್ತು ಮಗೀಗೆ," ಎಂದಳು ಮಂಗಮ್ಮ, ತನಗೇ ಹೇಳಿಕೊಳ್ಳುವ ಹಾಗೆ.

"ಬಸ್ಸಲ್ಲಿ ಓಡಾಡಿ ಓಡಾಡಿ ಇವ್ಳಿಗೆ ನಾಯಿನೂ ಅಣ್ಣನೇ," ಎಂದು ಅಂಜಿನಮ್ಮ ಸಕ್ಕರೆ ಡಬ್ಬಿ ಹಿಡಿದು ಬಂದಳು. "ಯಾರೂ ಮನಸ್ಸಿಗ್ ಹಾಕ್ಕೋಬೇಡಿ. ಬೇಳೆ ಆಯ್ತು, ಒಲೆಗೆ ಇಕ್ತೀನಿ." ಹಾಗೆ ಎಲ್ಲರೂ ಸೇರಿ ಆ ಮಾತನ್ನು ಸಿಪ್ಪೆಯ ಜೊತೆ ಗುಡಿಸಿ ಆಚೆ ಹಾಕಿದರು. ಕ್ಯಾಲೆಂಡರು ಮಾತ್ರ ಮತ್ತೆ ಮೊಳೆಗೆ ಹೋಗಲಿಲ್ಲ. ಷರ್ಟು ಹಾಕಿದ ಅಪ್ಪನ ತೊಡೆಯ ಮೇಲೆ ಕೂತಿತ್ತು.

ಹಿತ್ತಿಲಿನ ನಲ್ಲಿಯಲ್ಲಿ ಅಂಬರೀಶ್ ಮುಖ ತೊಳೆಯುತ್ತಿದ್ದ. ಶ್ಯಾಮಲಾ ಟವೆಲ್ಲು ಹಿಡಿದು ಬಂದು ದೂರ ನಿಂತಳು. ಅವನಿಗೆ ಶಿಫ್ಟು ಮಧ್ಯಾಹ್ನದ್ದು, ಉಂಡು ನೇರ ಹೋಗುತ್ತಾನೆ ಎಂದು ಅಮ್ಮ ಹೇಳಿದ್ದಳು.

"ಆ ಮಾತು ಕೇಳಿ ನಾನು ನಗ್ಲಿಲ್ಲ ಕಣೇ," ಎಂದ ಅವನು ನಲ್ಲಿಯ ಕಡೆಗೇ ತಿರುಗಿ. "ಬಸ್ಸಲ್ಲಿ ಮೂರ್ ಸಲ ಹಾಕ್ಕೊಂಡು ಕೇಳ್ದೆ. ಇಳಿಯೋ ಸ್ಟಾಪು ತಪ್ಪೋಯ್ತು."

"ಮತ್ತೆ ಎಲ್ಲರ ಮುಂದೆ ಯಾಕೆ ಹಾಕಿದ್ದು?"

"ನಿನ್ ಹತ್ರ ಹೆಂಗ್ ಹೇಳೋದೋ ಗೊತ್ತಾಗ್ಲಿಲ್ಲ. ನೀನು ಮಾತಾಡಿದ್ರೆ ತಾನೆ?" ಟವೆಲ್ಲು ತೆಗೆದುಕೊಂಡ. ಕೆನ್ನೆಯಲ್ಲಿ ಅವಳ ಬೆರಳುಗಳು ಇನ್ನೂ ಇದ್ದವು. "ಬಾಯಿ ತಪ್ಪಿ ಬಂತಾ ಅದು?"

ಅವನು ಮುಖ ಒರೆಸಿಕೊಂಡ.

"ಆಲಸನತ್ತದಲ್ಲಿ ಒಂದು ಹುಡ್ಗಿ ನೋಡವ್ರೆ. ರಮ್ಯ ಅಂತ. ಅಮ್ಮ ನಿನ್ ಸಲುವಾಗಿ ಎಳೀತಾ ಅವ್ಳೆ. ನಂಗೂ ಸಾಕಾಗೈತೆ ಶ್ಯಾಮಿ. ಊಟ ಆದ್ಮೇಕೆ ಮಾವ ದಿನ ಗೊತ್ತು ಮಾಡ್ತಾರೆ. ನೀನು ಸುಮ್ನೆ ಕೂತ್ರೆ ಹೂಂ ಅಂತಾನೇ ಅನ್ಕೋತಾರೆ. ನಾನೂ ಅನ್ಕೋತೀನಿ." ಟವೆಲ್ಲನ್ನು ಹಗ್ಗದ ಮೇಲೆ ಎಸೆದು ಒಳಗೆ ಹೋದ.

ರಮ್ಯ. ಆ ಹೆಸರು ಕೇಳಿ ಒಂದು ಚೂರು, ಉಗುರಿನ ಸಂದಿಯಲ್ಲಿ ಸಿಪ್ಪೆ ಚುಚ್ಚಿದಷ್ಟು, ನೋವಾದದ್ದು ಸುಳ್ಳಲ್ಲ. ಅಂಗೈಯಲ್ಲಿ ಆ ಬಿಸಿಯೂ ಇತ್ತು. ಅವನು ಕೆಟ್ಟವನಾಗಿದ್ದರೆ ಎಷ್ಟು ಚೆನ್ನಾಗಿತ್ತು. ಸುಮ್ಮನೆ ಕೂತರೆ ಸಾಕು. ಸುಮ್ಮನೆ ಕೂರುವುದು ಅವಳಿಗೆ ಚೆನ್ನಾಗಿ ಬರುವ ಕೆಲಸ. ಮಾತು ಆಡದೇ ಇದ್ದರೆ ನಾಚಿಕೆ, ಬರೆದರೆ ಬಯಕೆ, ಹೊಡೆದರೆ ಸಲಿಗೆ. ಇಡೀ ಬಾಳು ಹೀಗೇ ಇನ್ನೊಬ್ಬರು ಓದಿ ಹೇಳುತ್ತಾರೆ, ಅವಳು ಬೋಸಿಯ ಮುಂದೆ ಕೂತು ಕೇಳುತ್ತಾಳೆ. ಪ್ರೀತಿಯಿಂದಲೇ ಓದುತ್ತಾರೆ, ಅದರಲ್ಲಿ ಅನುಮಾನವಿಲ್ಲ. ಹಸು ಅವಳ ಕಡೆ ನೋಡಿ ಬೆನ್ನು ತಿರುಗಿಸಿ ನಿಂತಿತು. ಅವಳು ಒಳಗೆ ಬಂದಳು.

ಊಟಕ್ಕೆ ಗಂಡಸರಿಬ್ಬರನ್ನೂ ಅತ್ತೆಯನ್ನೂ ಮೊದಲು ಕೂರಿಸಿದ್ದರು. ಮುದ್ದೆ, ಹಿದುಕಿದ ಬೇಳೆ ಸಾರು. ಸಾರಿನ ಪಾತ್ರೆಯನ್ನು ಅಮ್ಮ ಬೇಕೆಂದೇ ಶ್ಯಾಮಲಾಳ ಕೈಗೆ ಕೊಟ್ಟಳು. "ನೀನೇ ಇಕ್ಕು, ನಿನ್ ಬಾ..." ಎಂದು ಅರ್ಧಕ್ಕೆ ನಿಲ್ಲಿಸಿ, "ಎಲ್ರಿಗೂ" ಎಂದಳು. ಕದಿರಪ್ಪ ಬಲಗೈಯಲ್ಲಿ ಮುದ್ದೆ ಮುರಿಯುತ್ತಾ ಎಡಗೈಯಿಂದ ಕ್ಯಾಲೆಂಡರಿನ ಹಾಳೆ ಹಿಡಿದಿದ್ದರು. "ಇಪ್ಪತ್ತೊಂದು ಚೆನ್ನಾಗೈತೆ ಅಕ್ಕ. ಗುರುವಾರ." ಮಂಗಮ್ಮ ಬಾಯಲ್ಲಿ ತುತ್ತಿಟ್ಟುಕೊಂಡೇ "ಹೂಂ" ಎಂದಳು, ಕಣ್ಣು ಮಾತ್ರ ಶ್ಯಾಮಲಾಳ ಕೈಯ ಮೇಲಿತ್ತು.

ಅಂಬರೀಶನ ತಟ್ಟೆಯಲ್ಲಿ ಸಾರು ಮುಗಿದಿತ್ತು. ಅವನು ಕೇಳಲಿಲ್ಲ, ತಲೆಯೂ ಎತ್ತಲಿಲ್ಲ. ಶ್ಯಾಮಲಾ ಅವನ ಮುಂದೆ ಬಂದು ಬಗ್ಗಿದಳು. ಲಕ್ಷ್ಮಿದೇವಮ್ಮ ಈಗ ಏನು ಮಾಡುತ್ತಿದ್ದಳು ಎಂದು ಹುಡುಕಿದಳು. ಲಕ್ಷ್ಮಿದೇವಮ್ಮ ಎಲ್ಲೂ ಇರಲಿಲ್ಲ. ಒಳಗೆ ಏನಾಗುತ್ತಿದೆ ಎಂದು ಬರೆದುಕೊಳ್ಳುವವಳೂ ಇರಲಿಲ್ಲ. ಅವರೆ ಸೊಗಡಿನ ಹಬೆ ಕನ್ನಡಕಕ್ಕೆ ಕವಿದು ಅವನ ನೆತ್ತಿ ಮಾತ್ರ ಮಸುಕಾಗಿ ಕಂಡಿತು.

"ಇನ್ನೊಂದು ಸೌಟು ಹಾಕ್ಲಾ," ಎಂದಳು.

ಅಲ್ಲಿಗೆ ನಿಲ್ಲಿಸಬಹುದಿತ್ತು. ವಾಕ್ಯ ಪೂರ್ತಿಯಾಗಿತ್ತು, ಇಷ್ಟು ವರ್ಷ ಹೀಗೇ ಪೂರ್ತಿಯಾಗುತ್ತಿತ್ತು. ಅವನು ತಲೆ ಎತ್ತುವವರೆಗೆ ಕಾದಳು. ಅವನು ಎತ್ತಿದ. ಕಣ್ಣಿಗೆ ಕಣ್ಣು ಕೊಟ್ಟು, ಬಾಯಿ ತಪ್ಪಿ ಬಂದದ್ದಲ್ಲ ಎಂದು ಅತ್ತೆಗೂ ಅಪ್ಪನಿಗೂ ಕೇಳಿಸುವಷ್ಟು ಬಿಡಿಸಿ ಹೇಳಿದಳು.

"ಅಣ್ಣ?"

ಹಾಳೆ ಹಿಡಿದಿದ್ದ ಕೈ ಕೆಳಗಿಳಿದ ಸದ್ದಾಯಿತು. ಒಲೆಯ ಬಳಿ ಅಮ್ಮ ಏನನ್ನೋ ಇಟ್ಟಳು, ಇಟ್ಟದ್ದನ್ನು ಮತ್ತೆ ಎತ್ತಿದಳು. ಮಂಗಮ್ಮ ನುಂಗಿದಳು, ಅದು ಗಂಟಲಲ್ಲಿ ಇಳಿಯುವುದು ಎಲ್ಲರಿಗೂ ಕೇಳಿಸಿತು. ಶ್ಯಾಮಲಾ ಸೌಟು ಹಿಡಿದು ಹಾಗೇ ಬಗ್ಗಿದ್ದಳು, ಸೊಂಟ ನೋಯುತ್ತಿತ್ತು, ಓಡಿಹೋಗಬೇಕು ಅನ್ನಿಸುತ್ತಿತ್ತು, ತಪ್ಪಾಯ್ತು ಎನ್ನುವ ಮಾತು ನಾಲಿಗೆಯ ತುದಿಗೆ ಬಂದು ನೂಕುತ್ತಿತ್ತು. ಅದನ್ನು ಹಲ್ಲು ಕಚ್ಚಿ ತಡೆದಳು.

ಅಂಬರೀಶ್ ಮುದ್ದೆಯ ನಡುವೆ ಬೆರಳಿನಿಂದ ಗುಳಿ ಮಾಡಿದ. ಸಾಲದೆಂದು ಇನ್ನೂ ಸ್ವಲ್ಪ ಆಳ ಮಾಡಿದ. ಆಮೇಲೆ ತಟ್ಟೆಯನ್ನು ಅವಳ ಕಡೆ ತಳ್ಳಿದ.

"ಹಾಕಮ್ಮ," ಎಂದ.